ಹವಾಯಿಗೆ ಹೋದ ಸ್ಪೇನಿನವರ ವಂಶ ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮದುವೆ ಮಾತು ಬಂದಾಗ ಅಮ್ಮ ಹಾಸನದಿಂದ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಹುಡುಗನ ಮನೆತನ ಯಾವುದೇ?" ಹುಡುಗ ಕ್ಯಾಲಿಫೋರ್ನಿಯಾದವನು. ಅವನಿಗೇ ಗೊತ್ತಿರಲಿಲ್ಲ. ಅವನ ತಾಯಿ, ಅಂದರೆ ಈಗ ನನ್ನ ಅತ್ತೆ, "ನಮ್ಮ ಅಜ್ಜಿ ಹವಾಯಿಯಿಂದ ಬಂದವರು, ಪೋರ್ಚುಗೀಸರಿರಬೇಕು" ಅಂದರು. ಅದು ತಪ್ಪು ಅಂತ ಗೊತ್ತಾಗಲು ನಮಗೆ ನಾಲ್ಕು ವರ್ಷ ಹಿಡಿಯಿತು. ಅಜ್ಜಿ ಹುಟ್ಟಿದ್ದು ಸ್ಪೇನಿನ ಮಾಲಗಾ ಪ್ರಾಂತ್ಯದ ಒಂದು ಗುಡ್ಡದ ಹಳ್ಳಿಯಲ್ಲಿ. ಒಂಬತ್ತು ವರ್ಷದ ಹುಡುಗಿಯಾಗಿ ಅಪ್ಪ ಅಮ್ಮನ ಜೊತೆ ಹವಾಯಿಗೆ ಹಡಗು ಹತ್ತಿದವರು. ಆ ಹುಡುಕಾಟದಲ್ಲಿ ನಾನು ಕಲಿತದ್ದು, ಎಡವಿದ್ದು, ಬೇರೆಯವರು ನನ್ನನ್ನು ಕೇಳುತ್ತಿರುವುದು ಎಲ್ಲ ಇಲ್ಲಿದೆ.

ಹವಾಯಿಗೂ ಸ್ಪೇನಿಗೂ ಎಲ್ಲಿಯ ಸಂಬಂಧ?

ಕಬ್ಬಿನ ಸಂಬಂಧ. ಹವಾಯಿ 1898ರಲ್ಲಿ ಅಮೆರಿಕಕ್ಕೆ ಸೇರಿತು. ಅಮೆರಿಕದ ಕಾನೂನು ಬಂದ ಮೇಲೆ ಚೀನಾದಿಂದ ಕೂಲಿಗಳನ್ನು ತರುವುದು ನಿಂತಿತು. 1907ರ ಹೊತ್ತಿಗೆ ಜಪಾನಿನಿಂದ ಬರುವವರಿಗೂ ತಡೆ ಬಿತ್ತು. ಇದ್ದ ಜಪಾನಿ ಕೂಲಿಗಳು 1909ರಲ್ಲಿ ಓಅಹು ದ್ವೀಪದಲ್ಲಿ ದೊಡ್ಡ ಮುಷ್ಕರ ಮಾಡಿದರು. ಕಬ್ಬಿನ ತೋಟದ ಮಾಲೀಕರಿಗೆ ಕೈಗಳು ಬೇಕಿತ್ತು, ಅದರಲ್ಲೂ ಯುರೋಪಿನ ಕೈಗಳಾದರೆ ಒಳ್ಳೆಯದು ಅಂತ ಸರ್ಕಾರಕ್ಕೂ ಆಸೆ. ಆ ಕಡೆ ಸ್ಪೇನಿನ ದಕ್ಷಿಣದ ಆಂದಲೂಸಿಯಾದಲ್ಲಿ (ಮಾಲಗಾ ಇರುವುದು ಅಲ್ಲೇ) ಜಮೀನೆಲ್ಲ ಕೆಲವೇ ಧಣಿಗಳ ಕೈಯಲ್ಲಿತ್ತು. 1905ರಲ್ಲಿ ಭೀಕರ ಬರ. ಮಾಲಗಾದ ದ್ರಾಕ್ಷಿ ತೋಟಗಳು ಅದಕ್ಕೂ ಮೊದಲೇ ಬೇರಿಗೆ ಬೀಳುವ ಹುಳುವಿನಿಂದ ನಾಶವಾಗಿದ್ದವು. ಹಡಗಿನ ಖರ್ಚಿಲ್ಲ, ಮನೆ ಕೊಡುತ್ತೇವೆ, ಮಕ್ಕಳಿಗೆ ಶಾಲೆ, ಮೂರು ವರ್ಷ ದುಡಿದರೆ ಒಂದು ಎಕರೆ ನೆಲ ಅಂತ ಏಜೆಂಟರು ಡಂಗುರ ಸಾರಿದರೆ ಯಾರು ತಾನೇ ಹೋಗುವುದಿಲ್ಲ? 1907ರಿಂದ 1913ರ ನಡುವೆ ಸುಮಾರು 8,000 ಜನ ಹೋದರು.

ಯಾವ ಯಾವ ಹಡಗು? ಒಟ್ಟು ಎಷ್ಟು?

ಆರು ಪ್ರಯಾಣ. ಇದು ನಮ್ಮ ದೊಡ್ಡ ಅದೃಷ್ಟ. ನ್ಯೂಯಾರ್ಕಿಗೆ ಬಂದವರ ವಂಶ ಹುಡುಕುವವರು ಸಾವಿರಾರು ಹಡಗಿನ ಪಟ್ಟಿ ನೋಡಬೇಕು, ನಾವು ಆರು ನೋಡಿದರೆ ಸಾಕು. ಹೀಲಿಯೊಪೊಲಿಸ್ 1907ರ ಮಾರ್ಚ್‌ನಲ್ಲಿ ಮಾಲಗಾ ಬಂದರಿನಿಂದ ಹೊರಟು ಏಪ್ರಿಲ್ 26ಕ್ಕೆ ಹೊನಲುಲು ಮುಟ್ಟಿತು, ಅದರಲ್ಲಿ 2,200ಕ್ಕೂ ಜಾಸ್ತಿ ಜನ. ಆಮೇಲೆ ಆರ್ಟೆರಿಕ್, 1911ರ ಏಪ್ರಿಲ್. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಲ್ಸ್‌ಡೆನ್. 1912ರ ಏಪ್ರಿಲ್‌ನಲ್ಲಿ ಹಾರ್ಪೇಲಿಯನ್. 1913ರಲ್ಲಿ ಮತ್ತೆ ವಿಲ್ಸ್‌ಡೆನ್, ಕೊನೆಗೆ ಜೂನ್‌ನಲ್ಲಿ ಆಸ್ಕಟ್.

ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ. ಹಾಗಾಗಿ ಈ ಹಡಗುಗಳೆಲ್ಲ ದಕ್ಷಿಣ ಅಮೆರಿಕದ ತುದಿಯ ಮೆಗೆಲನ್ ಜಲಸಂಧಿ ಸುತ್ತಿಕೊಂಡು ಹೋಗಬೇಕಿತ್ತು. ಏಳೆಂಟು ವಾರದ ದಾರಿ. ಮೊದಲನೆಯದನ್ನು ಬಿಟ್ಟರೆ ಉಳಿದವರು ಹಡಗು ಹತ್ತಿದ್ದು ಜಿಬ್ರಾಲ್ಟರಿನಲ್ಲಿ. ಅದು ಬ್ರಿಟಿಷರ ಕೈಯಲ್ಲಿದ್ದ ಬಂದರು. ಆದ್ದರಿಂದ "ನಮ್ಮ ತಾತ ಜಿಬ್ರಾಲ್ಟರಿನವರು" ಅಂತ ಮನೆಯಲ್ಲಿ ಹೇಳಿದರೆ ಅದು ಹುಟ್ಟಿದ ಊರಲ್ಲ, ಹಡಗು ಹತ್ತಿದ ಊರು. ಬೆಂಗಳೂರಿನಲ್ಲಿ ವಿಮಾನ ಹತ್ತಿದವರೆಲ್ಲ ಬೆಂಗಳೂರಿನವರಲ್ಲವಲ್ಲ.

ನಮ್ಮ ಮನೆಯಲ್ಲಿ ಪೋರ್ಚುಗೀಸರು ಅಂತಲೇ ಹೇಳುತ್ತಾರೆ. ಸ್ಪೇನಿನವರು ಅಂತ ಹೇಗೆ ಹೇಳುವುದು?

ಹವಾಯಿಯಲ್ಲಿ ಒಂದೇ ಥರದ ಹೆಸರಿರುವ ನಾಲ್ಕು ಕಡೆಯ ಜನ ಇದ್ದರು, ಎಲ್ಲರೂ ಕಬ್ಬಿನ ಗದ್ದೆಯಲ್ಲೇ. ಪೋರ್ಚುಗೀಸರು 1878ರಿಂದಲೇ ಮದೀರಾ ಮತ್ತು ಅಸೋರ್ಸ್ ದ್ವೀಪಗಳಿಂದ ಬರುತ್ತಿದ್ದರು. ಪೋರ್ಟೊ ರಿಕೊದವರು 1900ರ ಕೊನೆಯಿಂದ ಬಂದರು. ಫಿಲಿಪೀನ್ಸಿನವರು 1906ರಿಂದ. ಅವರಿಗೆ ಗಾರ್ಸಿಯಾ, ಕ್ರೂಸ್ ಅಂತ ಹೆಸರಿರುವುದಕ್ಕೆ ಕಾರಣ ರಕ್ತ ಅಲ್ಲ, 1849ರಲ್ಲಿ ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಹೊರಡಿಸಿದ ಒಂದು ಆಜ್ಞೆ. ಪಟ್ಟಿ ಕೊಟ್ಟು ಸರ್‌ನೇಮ್ ಹಂಚಿದ್ದ. ನಮ್ಮವರು ಬಂದದ್ದು ಎಲ್ಲರಿಗಿಂತ ಕೊನೆಗೆ. ತೋಟದ ಗುಮಾಸ್ತ ಪೋರ್ಚುಗೀಸ್ ಹೆಸರು ಬರೆದು ಬರೆದು ಕೈ ಕೂರಿಸಿಕೊಂಡವನು, ಸ್ಪೇನಿನ ಹೆಸರಿನ ಕೊನೆಯ 'ಝೆಡ್' ಅಕ್ಷರವನ್ನು ತೆಗೆದು 'ಎಸ್' ಹಾಕಿಬಿಟ್ಟ. ನಮ್ಮ ಅತ್ತೆಯ ಮನೆಯವರು ಪೋರ್ಚುಗೀಸರಾದದ್ದು ಹಾಗೆ. ಒಂದು ಅಕ್ಷರದಿಂದ.

ಆರ್ಟೆರಿಕ್ ಹಡಗಿನಲ್ಲಂತೂ ಪೋರ್ಚುಗೀಸರೂ ಸ್ಪೇನಿನವರೂ ಒಟ್ಟಿಗೇ ಇದ್ದರು, ಆದ್ದರಿಂದ ಹಡಗಿನ ಹೆಸರಷ್ಟೇ ಸಿಕ್ಕರೆ ತೀರ್ಮಾನಕ್ಕೆ ಬರಬೇಡಿ. 1910 ಮತ್ತು 1920ರ ಜನಗಣತಿಯಲ್ಲಿ ಹುಟ್ಟಿದ ದೇಶ, ಮನೆ ಭಾಷೆ, ಅಮೆರಿಕಕ್ಕೆ ಬಂದ ವರ್ಷ ಮೂರೂ ಕೇಳಿದ್ದಾರೆ. ಬಂದ ವರ್ಷ 1907, 1911, 1912 ಅಥವಾ 1913, ಹುಟ್ಟಿದ ದೇಶ ಸ್ಪೇನ್ ಅಂತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು.

ನಮ್ಮವರು ಕ್ಯಾಲಿಫೋರ್ನಿಯಾದಲ್ಲೇ ಇದ್ದದ್ದು. ಹವಾಯಿ ಎಲ್ಲಿಂದ ಬಂತು?

ಬಹಳ ಜನ ಹವಾಯಿಯಲ್ಲಿ ನಿಲ್ಲಲೇ ಇಲ್ಲ. ಕೂಲಿ ಕಡಿಮೆ, ಲೂನಾ ಅಂತ ಕರೆಯುತ್ತಿದ್ದ ಮೇಸ್ತ್ರಿಯ ಕಾಟ ಜಾಸ್ತಿ, ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಸಂಬಳ ಚೆನ್ನಾಗಿದೆ ಅಂತ ಸುದ್ದಿ. ದುಡ್ಡು ಕೂಡಿಟ್ಟವರು ಸ್ಯಾನ್ ಫ್ರಾನ್ಸಿಸ್ಕೊ ಹಡಗು ಹತ್ತಿದರು. 1930ರ ಜನಗಣತಿಯ ಹೊತ್ತಿಗೆ ಹವಾಯಿಯಲ್ಲಿ ಉಳಿದ ಸ್ಪೇನಿನವರು ಸುಮಾರು 1,200 ಮಾತ್ರ. ಉಳಿದವರು ವ್ಯಾಕವಿಲ್, ವಿಂಟರ್ಸ್, ರಾಕ್ಲಿನ್, ಹಾಲಿಸ್ಟರ್, ಸ್ಯಾನ್ ಲಿಯಾಂಡ್ರೊ, ಕ್ರಾಕೆಟ್, ಮೌಂಟನ್ ವ್ಯೂ, ಸನ್ನಿವೇಲ್ ಕಡೆ ಹರಡಿಕೊಂಡರು.

ಹೌದು, ಅದೇ ಸನ್ನಿವೇಲ್. ನಾವು ಕನ್ನಡಿಗರು ದೇವಸ್ಥಾನಕ್ಕೆ ಹೋಗಿ ಬರುವಾಗ ತಿಂಡಿ ತಿನ್ನುವ ಊರು. ಅಲ್ಲಿ ಹಣ್ಣಿನ ಡಬ್ಬಿಯ ಹಾಗೆ ಬಣ್ಣ ಬಳಿದ ಒಂದು ಹಳೆಯ ನೀರಿನ ಟ್ಯಾಂಕ್ ನಿಂತಿದೆ, ನೋಡಿದ್ದೀರಾ? ಅದು ಲಿಬ್ಬಿ ಕಂಪನಿಯ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯದು. ನಮ್ಮ ಅತ್ತೆಯ ಅಜ್ಜಿ ಬೇಸಿಗೆಯಲ್ಲಿ ಏಪ್ರಿಕಾಟ್ ಹಣ್ಣು ಸೀಳಿ ಬೀಜ ತೆಗೆಯುವ ಕೆಲಸ ಮಾಡುತ್ತಿದ್ದರಂತೆ, ಸಾಯುವ ತನಕ ಬಲಗೈ ಹೆಬ್ಬೆರಳಿನ ಮೇಲೆ ಚಾಕುವಿನ ಗೀಟು ಇತ್ತಂತೆ. ನಾನು ಹತ್ತು ವರ್ಷ ಆ ಟ್ಯಾಂಕಿನ ಪಕ್ಕದಲ್ಲೇ ಆಫೀಸಿಗೆ ಓಡಾಡಿದ್ದೇನೆ, ಗೊತ್ತೇ ಇರಲಿಲ್ಲ.

ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರಿನಿಂದ ಅಲ್ಲ. ಮನೆಯಲ್ಲಿ ಇರುವ ಅತಿ ಹಿರಿಯರಿಂದ. ನಮ್ಮೂರ ಕಡೆಯಾದರೆ ಹೆಳವರು ಬಂದು ಕೂತು ಏಳೆಂಟು ತಲೆಮಾರು ಒಂದೇ ಉಸಿರಿಗೆ ಹೇಳಿ ದವಸ ತಗೊಂಡು ಹೋಗುತ್ತಾರೆ. ಇಲ್ಲಿ ಆ ಹೆಳವರ ಕೆಲಸ ನೀವೇ ಮಾಡಬೇಕು. "ನಿಮ್ಮ ತಾತನ ಹೆಸರೇನು" ಅಂತ ಕೇಳಬೇಡಿ, ಒಂದು ಹೆಸರು ಹೇಳಿ ಸುಮ್ಮನಾಗುತ್ತಾರೆ. ಹಬ್ಬಕ್ಕೆ ಯಾರ ಮನೆಗೆ ಹೋಗುತ್ತಿದ್ದಿರಿ, ಯಾರನ್ನು ಚಿಕ್ಕಪ್ಪ ಅನ್ನುತ್ತಿದ್ದಿರಿ, ಮಗುವಿನ ಜ್ಞಾನಸ್ನಾನಕ್ಕೆ ಯಾರು ನಿಂತರು, ಯಾರ ಜೊತೆ ಮಾತು ಬಿಟ್ಟಿದ್ದರು, ಹೀಗೆ ಕೇಳಿ. ಆ ಮಾತು ಬಿಟ್ಟ ಕಡೆಯವರ ಹತ್ತಿರವೇ ಒಳ್ಳೆಯ ಫೋಟೋಗಳು ಇರುತ್ತವೆ. ಇದು ನನ್ನ ಅನುಭವ.

ಆಮೇಲೆ ಅಮೆರಿಕದ ಕಾಗದಪತ್ರ, ಹೊಸದರಿಂದ ಹಳೆಯದಕ್ಕೆ. ಸಾವಿನ ಪತ್ರ, 1950ರ ಜನಗಣತಿ, 1940, 1930, 1920, 1910. ಒಂದೊಂದೇ ಮೆಟ್ಟಿಲು ಇಳಿಯಿರಿ. ಹಾರಿದರೆ ಬೇರೆ ಯಾರದೋ ಮನೆಗೆ ಬೀಳುತ್ತೀರಿ. ನಾನು ಬಿದ್ದಿದ್ದೆ, ಎಂಟು ತಿಂಗಳು ಇನ್ನೊಬ್ಬರ ತಾತನನ್ನು ಪ್ರೀತಿಯಿಂದ ಹುಡುಕಿದೆ.

ಹಡಗಿನ ಪಟ್ಟಿಯಲ್ಲಿ ಹೆಸರೇ ಸಿಗುತ್ತಿಲ್ಲ. ಏನು ಮಾಡಲಿ?

ಹೊನಲುಲುವಿಗೆ ಬಂದವರ ಪಟ್ಟಿಗಳು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ, ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಸಿಗದಿರುವುದು ಪಟ್ಟಿಯ ತಪ್ಪಲ್ಲ, ಕಿವಿಯ ತಪ್ಪು.

ಆಂದಲೂಸಿಯಾದವರ ಮಾತು ಕೇಳಿದ್ದೀರಾ? ಪದದ ಕೊನೆಯ 'ಸ' ನುಂಗುತ್ತಾರೆ, ನಡುವಿನ 'ದ' ನುಂಗುತ್ತಾರೆ. ಸ್ಪ್ಯಾನಿಷ್‌ನಲ್ಲಿ 'ಎಚ್' ಬರೆದರೂ ಉಚ್ಚಾರ ಇಲ್ಲ, ಹಾಗಾಗಿ ಹೆರ್ನಾಂದೆಸ್ ಅನ್ನುವುದು ಕಿವಿಗೆ ಎರ್ನಾಂದೆ ಅಂತ ಬೀಳುತ್ತದೆ. ನಮ್ಮ ಹಳೇ ಮೈಸೂರಿನ ಕಡೆ ಹಾಲು ಆಲಾಗಿ, ಹೋಗ್ತೀನಿ ಓಗ್ತೀನಿ ಆಗುವುದಿಲ್ವಾ, ಹಾಗೇ. 'ಜೆ' ಅಕ್ಷರವನ್ನು 'ಹ' ಅನ್ನುತ್ತಾರೆ, ಆದ್ದರಿಂದ ಹಿಮೇನೆಸ್ ಎಂಬುದನ್ನು ಗುಮಾಸ್ತ 'ಎಚ್'ನಿಂದ ಬರೆದಿರುತ್ತಾನೆ, ನೀವು 'ಜೆ'ಯಲ್ಲಿ ಹುಡುಕುತ್ತಿರುತ್ತೀರಿ. 'ಬಿ'ಗೂ 'ವಿ'ಗೂ ಅವರ ಬಾಯಲ್ಲಿ ವ್ಯತ್ಯಾಸವೇ ಇಲ್ಲ. ಬರೆದುಕೊಂಡವನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಹೇಳಿದವರಿಗೆ ಓದು ಬರಹ ಬರುತ್ತಿರಲಿಲ್ಲ. ಸರಿಯಾಗಿ ಬರೆದದ್ದೇ ಆಶ್ಚರ್ಯ.

ಇನ್ನು ಕರೆಯುವ ಹೆಸರು. ಹೊಸೆಫಾ ಮನೆಯಲ್ಲಿ ಪೆಪಾ. ಕೊನ್ಸೆಪ್ಸಿಯೋನ್ ಅಂದರೆ ಕೊಂಚಾ, ಅಮೆರಿಕಕ್ಕೆ ಬಂದ ಮೇಲೆ ಕಾನಿ. ಫ್ರಾನ್ಸಿಸ್ಕೊ ಅಂದರೆ ಪಾಕೊ, ಆಮೇಲೆ ಫ್ರ್ಯಾಂಕ್. ದೊಲೋರೆಸ್ ಅಂದರೆ ಲೋಲಾ.

ನನ್ನ ಸಲಹೆ, ಹೆಸರು ಹುಡುಕಬೇಡಿ, ಕುಟುಂಬದ ಆಕಾರ ಹುಡುಕಿ. ಅಪ್ಪನಿಗೆ 38, ಅಮ್ಮನಿಗೆ 34, ಮಕ್ಕಳು 12, 9, 6, 2. ಈ ಅಂಕಿಗಳ ಸಾಲು ಒಂದು ಹಡಗಿನಲ್ಲಿ ಎರಡು ಸಲ ಬರುವುದು ಅಪರೂಪ. ಹಡಗಿಗೆ ನೂರಾರು ಪುಟ ಇಲ್ಲ, ಒಂದು ಶನಿವಾರ ಕಾಫಿ ಹಿಡಿದುಕೊಂಡು ಕೂತು ಸಾಲು ಸಾಲಾಗಿ ಓದಿ. ನಮಗೆ ಸಿಕ್ಕಿದ್ದು ಹಾಗೆಯೇ, ಸರ್ಚ್ ಮಾಡಿ ಅಲ್ಲ. ವಯಸ್ಸು ಎರಡು ಮೂರು ವರ್ಷ ಹಿಂದೆ ಮುಂದೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತೋಟದವರಿಗೆ ದುಡಿಯುವ ವಯಸ್ಸಿನ ಯಜಮಾನ ಮತ್ತು ಕುಟುಂಬ ಬೇಕಿತ್ತು, ಹಾಗಾಗಿ ವಯಸ್ಸು ಇಳಿಸಿ ಹೇಳಿದವರೂ ಇದ್ದರು, ಅಣ್ಣನ ಮಗನನ್ನು ತನ್ನ ಮಗ ಅಂತ ಹೇಳಿ ಕರೆತಂದವರೂ ಇದ್ದರು.

ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದಿದೆ. ಅದೇನು?

ಹಲವು ಕಾರಣ ಇರಬಹುದು. ಹಡಗು ಹತ್ತದೇ ಹೋದವರ ಹೆಸರಿಗೂ ಗೆರೆ ಎಳೆಯುತ್ತಿದ್ದರು. ಆದರೆ ಅಂಚಿನಲ್ಲಿ ಏನು ಬರೆದಿದೆ ನೋಡಿ. ಆರ್ಟೆರಿಕ್‌ನಲ್ಲಿ ದಡಾರ ಹಬ್ಬಿ ಹತ್ತಾರು ಮಕ್ಕಳು ದಾರಿಯಲ್ಲೇ ಸತ್ತರು.

ನಮ್ಮ ಪಟ್ಟಿಯಲ್ಲಿ ಎರಡು ವರ್ಷದ ಹುಡುಗನ ಹೆಸರಿನ ಮೇಲೆ ನೇರವಾದ ಗೆರೆ ಇತ್ತು. ಸ್ಕೇಲ್ ಇಟ್ಟು ಎಳೆದ ಹಾಗೆ. ಪಕ್ಕದಲ್ಲಿ ಸತ್ತ ಅಂತ ಒಂದು ಪದ, ಒಂದು ತಾರೀಖು, ಇನ್ನೇನಿಲ್ಲ. ಆ ಮಗು ಇತ್ತು ಅನ್ನುವುದೇ ಅತ್ತೆಗೆ ಗೊತ್ತಿರಲಿಲ್ಲ. ಅಜ್ಜಿ ಯಾವತ್ತೂ ಹೇಳಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಏನೋ, ಅಜ್ಜಿ ಸಮುದ್ರದ ಹತ್ತಿರ ಬರುತ್ತಲೇ ಇರಲಿಲ್ಲ. ನಾವು ಸಾಂತಾ ಕ್ರೂಸ್‌ಗೆ ಹೋದರೆ ಕಾರಲ್ಲೇ ಕೂತಿರೋರು" ಅಂದರು.

ಎರಡೆರಡು ಸರ್‌ನೇಮ್ ಇರುತ್ತಲ್ಲ, ಅದರ ಲೆಕ್ಕ ಏನು?

ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್. ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಸುಮ್ನೆ ಉದಾಹರಣೆಗೆ, ಮೊರೆನೊ ರುಯಿಸ್ ಅನ್ನುವವನು ಗಾರ್ಸಿಯಾ ಲೋಪೆಸ್ ಅನ್ನುವವಳನ್ನು ಮದುವೆಯಾದರೆ ಮಕ್ಕಳು ಮೊರೆನೊ ಗಾರ್ಸಿಯಾ. ಹೆಂಗಸರು ಮದುವೆಯಾದ ಮೇಲೆ ಹೆಸರು ಬದಲಿಸುವುದಿಲ್ಲ, ಸಾಯುವ ತನಕ ತವರಿನ ಹೆಸರೇ.

ಇದರಿಂದ ಎಷ್ಟು ಉಪಕಾರ ಅಂದರೆ, ಬೇರೆ ದೇಶದ ವಂಶಾವಳಿಗಳಲ್ಲಿ ಹೆಂಗಸರು ಮದುವೆಯಾದ ದಿನವೇ ಮಾಯವಾಗುತ್ತಾರೆ. ಇಲ್ಲಿ ಹಾಗಲ್ಲ. ಅಜ್ಜಿಯ ಅಜ್ಜಿಯ ತನಕ ಅವರವರ ಹೆಸರಲ್ಲೇ ಸಿಗುತ್ತಾರೆ. ತೊಂದರೆ ಶುರುವಾಗುವುದು ಅಮೆರಿಕದ ಗುಮಾಸ್ತನ ಮೇಜಿನಲ್ಲಿ. ಕೊನೆಯ ಪದವೇ ಸರ್‌ನೇಮ್ ಅಂದುಕೊಂಡು ಮೊರೆನೊ ಗಾರ್ಸಿಯಾನನ್ನು ಗಾರ್ಸಿಯಾ ಮಾಡಿಬಿಟ್ಟ. ಅಣ್ಣನನ್ನು ಗಾರ್ಸಿಯಾ ಅಂತ, ತಮ್ಮನನ್ನು ಮೊರೆನೊ ಅಂತ ಬರೆದು, ಈಗ ಅವರ ಮೊಮ್ಮಕ್ಕಳಿಗೆ ತಾವು ನೆಂಟರು ಅಂತಲೇ ಗೊತ್ತಿಲ್ಲದ ಮನೆಗಳಿವೆ. ಆದ್ದರಿಂದ ಎರಡೂ ಹೆಸರಲ್ಲಿ ಹುಡುಕಿ. ಸರ್‌ನೇಮ್ ಎಕ್ಸ್‌ಪೋಸಿತೊ ಅಂತ ಇದ್ದರೆ ಆ ಸಾಲಿನಲ್ಲಿ ಯಾರೋ ಒಬ್ಬರು ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಮಗು ಅಂತ ಅರ್ಥ, ಸಾಮಾನ್ಯವಾಗಿ ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ.

ದೇಶ ಗೊತ್ತಾಯಿತು. ಊರು ಗೊತ್ತಾಗುವುದು ಹೇಗೆ?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಸ್ಪೇನಿನ ದಾಖಲೆಗಳೆಲ್ಲ ಊರ ಲೆಕ್ಕದಲ್ಲಿವೆ. ಊರು ಗೊತ್ತಿಲ್ಲದೆ ಸ್ಪೇನಿಗೆ ಕಾಗದ ಬರೆಯುವುದು ವಿಳಾಸ ಇಲ್ಲದ ಕವರ್ ಅಂಚೆಗೆ ಹಾಕಿದ ಹಾಗೆ. ಎಲ್ಲರೂ ಮಾಲಗಾದವರಲ್ಲ. ಗ್ರನಾದಾ, ಅಲ್ಮೆರಿಯಾದವರಿದ್ದಾರೆ, ಎಷ್ಟೋ ಉತ್ತರಕ್ಕಿರುವ ಸಮೋರಾ, ಸಲಮಾಂಕಾ ಪ್ರಾಂತ್ಯದವರೂ ಇದ್ದಾರೆ.

1911ರಿಂದ ಮುಂದಿನ ಹಡಗಿನ ಪಟ್ಟಿಗಳಲ್ಲಿ ಊರಲ್ಲಿ ಬಿಟ್ಟುಬಂದ ಹತ್ತಿರದ ನೆಂಟರ ಹೆಸರು, ಊರು ಕೇಳಿರುತ್ತಾರೆ. ಎರಡನೇ ಪುಟಕ್ಕೆ ಹೋಗಿ ನೋಡಿ, ತುಂಬಾ ಜನ ಮೊದಲ ಪುಟ ನೋಡಿ ಮುಚ್ಚಿಬಿಡುತ್ತಾರೆ. ಹೀಲಿಯೊಪೊಲಿಸ್‌ನವರಿಗೆ ಈ ಭಾಗ್ಯ ಕಡಿಮೆ. ಅವರು ಪೌರತ್ವದ ಅರ್ಜಿ ನೋಡಬೇಕು, 1906ರ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ಬಂದ ಹಡಗು, ತಾರೀಖು ಇರುತ್ತದೆ. ಪೌರತ್ವ ತೆಗೆದುಕೊಳ್ಳದೇ ಇದ್ದವರು 1940ರಲ್ಲಿ ವಿದೇಶಿಯರು ಅಂತ ನೋಂದಣಿ ಮಾಡಿಸಲೇಬೇಕಿತ್ತು, ಆ ಕಡತವನ್ನು ಅಮೆರಿಕದ ವಲಸೆ ಇಲಾಖೆಯ ವಂಶಾವಳಿ ವಿಭಾಗದಿಂದ ತರಿಸಬಹುದು. ಸೋಶಿಯಲ್ ಸೆಕ್ಯುರಿಟಿಗೆ, ಅಂದರೆ ಅಮೆರಿಕದ ಸರ್ಕಾರಿ ಪಿಂಚಣಿ ಯೋಜನೆಗೆ, ಹಾಕಿದ ಮೊದಲ ಅರ್ಜಿಯಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ. ಇನ್ನೊಂದು, ನಮಗೆ ಊರು ಸಿಕ್ಕಿದ್ದೇ ಇದರಲ್ಲಿ: 1942ರ ಏಪ್ರಿಲ್‌ನಲ್ಲಿ ಯುದ್ಧಕ್ಕಾಗಿ 45ರಿಂದ 64 ವರ್ಷದ ಗಂಡಸರನ್ನೂ ನೋಂದಣಿ ಮಾಡಿಸಿದರು. ಮುದುಕರ ಡ್ರಾಫ್ಟ್ ಅಂತಲೇ ಅದಕ್ಕೆ ಹೆಸರು. ಆ ಕಾರ್ಡಿನಲ್ಲಿ ಹುಟ್ಟಿದ ಊರಿನ ಜಾಗ ಇದೆ. ಅಜ್ಜಿಯ ಚಿಕ್ಕಪ್ಪನ ಕಾರ್ಡ್ ಅದು. ನೇರ ತಾತ ಸಿಗದಿದ್ದರೆ ತಾತನ ತಮ್ಮನನ್ನು ಹಿಡಿಯಿರಿ.

ಕಬ್ಬಿನ ತೋಟದ ದಾಖಲೆಯಲ್ಲಿ ಏನಾದರೂ ಸಿಗುತ್ತಾ?

ಸಿಗಬಹುದು, ಆದರೆ ತಾಳ್ಮೆ ಬೇಕು. ಸಕ್ಕರೆ ತೋಟದ ಮಾಲೀಕರ ಸಂಘದ ಕಡತಗಳು ಹವಾಯಿ ವಿಶ್ವವಿದ್ಯಾಲಯದ ಮಾನೋವಾ ಗ್ರಂಥಾಲಯದಲ್ಲಿವೆ. ಕೆಲಸಗಾರರಿಗೆ ಬ್ಯಾಂಗೊ ಅಂತ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು, ಜಪಾನಿ ಭಾಷೆಯಲ್ಲಿ ನಂಬರ್ ಅಂತ ಅರ್ಥ. ಸಂಬಳ, ಅಂಗಡಿ ಸಾಲ ಎಲ್ಲ ಆ ನಂಬರಿನ ಮೇಲೆಯೇ. ಮನೆಯ ಹಳೆ ಪೆಟ್ಟಿಗೆಯಲ್ಲಿ ತೂತು ಇರುವ ಹಿತ್ತಾಳೆ ಬಿಲ್ಲೆ ಸಿಕ್ಕರೆ ಯಾವುದೋ ನಾಯಿಯ ಕೊರಳಿನದು ಅಂತ ಎಸೆಯಬೇಡಿ. ಆಗಿನ ಹವಾಯಿ ಪತ್ರಿಕೆಗಳನ್ನು ಅಮೆರಿಕದ ಸಂಸತ್ ಗ್ರಂಥಾಲಯ ದುಡ್ಡಿಲ್ಲದೆ ಓದಲು ಇಟ್ಟಿದೆ, ಅಪಘಾತ, ಮದುವೆ, ಜಗಳ ಎಲ್ಲ ಅದರಲ್ಲಿ ಬರುತ್ತದೆ.

ಚರ್ಚಿನ ಪುಸ್ತಕಗಳೂ ಇವೆ. ಹವಾಯಿಯ ಪಾದ್ರಿಗಳಲ್ಲಿ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್ ಕಡೆಯವರು ಜಾಸ್ತಿ, ಬರೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಹೊಸೆ ಅಲ್ಲಿ ಯೊಸೆಫಸ್ ಆಗಿರುತ್ತಾನೆ. ಯಾಕೋಬಸ್ ಅಂತಿದ್ದರೆ ಅವನು ದಿಯೆಗೊನೂ ಆಗಬಹುದು, ಸಾಂತಿಯಾಗೊನೂ ಆಗಬಹುದು.

ಸ್ಪೇನಿನಿಂದ ಜನನ ಪತ್ರ ತರಿಸುವುದು ಹೇಗೆ? ಖರ್ಚೆಷ್ಟು?

ಖರ್ಚಿಲ್ಲ. ನಿಜವಾಗಿ. ಸ್ಪೇನಿನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ 1871ರಿಂದ ಇದೆ, ಪತ್ರಕ್ಕೆ ಶುಲ್ಕ ಇಲ್ಲ. ನ್ಯಾಯ ಇಲಾಖೆಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಆ ಊರಿನ ನೋಂದಣಿ ಕಚೇರಿಗೆ ಸ್ಪ್ಯಾನಿಷ್‌ನಲ್ಲಿ ಕಾಗದ ಬರೆಯಬಹುದು. ಒಂದು ವಿಷಯ ನೆನಪಿಡಿ: 'ಲಿತೆರಾಲ್' ಪ್ರತಿ ಬೇಕು ಅಂತ ಕೇಳಿ. ಸುಮ್ಮನೆ ಕೇಳಿದರೆ ನಾಲ್ಕು ಸಾಲಿನ ಸಾರಾಂಶ ಕಳಿಸುತ್ತಾರೆ. ಲಿತೆರಾಲ್ ಅಂದರೆ ಪುಟ ಪೂರ್ತಿ.

ಆ ಪುಟದಲ್ಲಿ ಏನಿರುತ್ತದೆ ಗೊತ್ತಾ? ಮಗುವಿನ ಹೆಸರು, ಹುಟ್ಟಿದ ಗಂಟೆ, ಬೀದಿ, ಅಪ್ಪ ಅಮ್ಮನ ಹೆಸರು ಮತ್ತು ಊರು, ಅಪ್ಪನ ಕಸುಬು. ಅಷ್ಟೇ ಅಲ್ಲ, ಅಪ್ಪನ ಅಪ್ಪ ಅಮ್ಮ, ಅಮ್ಮನ ಅಪ್ಪ ಅಮ್ಮ, ಅವರು ಯಾವ ಊರಿನವರು, ಬದುಕಿದ್ದಾರಾ ಸತ್ತಿದ್ದಾರಾ, ಎಲ್ಲ. ಒಂದು ಹಾಳೆಯಲ್ಲಿ ಮೂರು ತಲೆಮಾರು. ನಮ್ಮ ಹಾಳೆ ಬಂದ ದಿನ ಅಡುಗೆಮನೆ ಮೇಜಿನ ಮೇಲೆ ಹಾಕಿಕೊಂಡು ಗಂಡ ಒಂದೊಂದೇ ಪದ ಓದಿದ. ಅಮ್ಮನ ಅಮ್ಮನ ಹೆಸರು ಬಂದಾಗ ಅತ್ತೆ "ಅದು ನನ್ನ ಹೆಸರು" ಅಂದರು. ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವುದು ಅಲ್ಲೂ ರೂಢಿ, ನಮ್ಮ ಹಾಗೇ.

ಎರಡು ವಾರದಲ್ಲೂ ಬರಬಹುದು, ಎರಡು ವರ್ಷವಾದರೂ ಬಾರದೆ ಇರಬಹುದು. ಒಂದು ಕಚೇರಿಗೆ ನಾನು ಮೂರು ಸಲ ಬರೆದೆ, ಉತ್ತರವೇ ಇಲ್ಲ. ನಾಲ್ಕನೇ ಸಲ ಊರಿನ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಬರೆದೆ, ಹತ್ತೇ ದಿನದಲ್ಲಿ ಬಂತು. ತಪ್ಪು ನಂದೇ.

1871ಕ್ಕಿಂತ ಹಿಂದೆ ಹೋಗಬೇಕಾದರೆ?

ಚರ್ಚಿನ ಜ್ಞಾನಸ್ನಾನದ ಪುಸ್ತಕಗಳು. 1563ರಲ್ಲಿ ಮುಗಿದ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಸಭೆಯ ನಂತರ ಪ್ರತಿ ಚರ್ಚಿನಲ್ಲೂ ಬರೆದಿಡಬೇಕು ಅಂತ ಆಯಿತು. ಪುಸ್ತಕ ಊರ ಚರ್ಚಿನಲ್ಲಿರಬಹುದು, ಬಿಷಪ್ಪರ ಕಚೇರಿಯ ಭಂಡಾರದಲ್ಲಿರಬಹುದು. ಕೆಲವು ಫ್ಯಾಮಿಲಿಸರ್ಚ್‌ನಲ್ಲಿವೆ, ಕೆಲವಕ್ಕೆ ಖುದ್ದಾಗಿ ಹೋಗಬೇಕು. ಅಂಚಿನ ಬರಹ ಓದುವುದನ್ನು ಮರೆಯಬೇಡಿ. 1908ರಿಂದ ಯಾರಾದರೂ ಬೇರೆ ಕಡೆ ಮದುವೆಯಾದರೆ ಹುಟ್ಟೂರಿನ ಪುಸ್ತಕದ ಅಂಚಿನಲ್ಲಿ ಅದನ್ನು ಬರೆಯುವ ನಿಯಮ ಬಂತು, ಹಾಗಾಗಿ ಆಂದಲೂಸಿಯಾದ ಪುಸ್ತಕದ ಅಂಚಿನಲ್ಲಿ ಕ್ಯಾಲಿಫೋರ್ನಿಯಾದ ಊರು ಕಂಡರೆ ಅಚ್ಚರಿಯಿಲ್ಲ.

ಚರ್ಚ್ ಸುಟ್ಟುಹೋಗಿದೆ ಅಂತ ಉತ್ತರ ಬಂತು. ಇನ್ನೇನು ದಾರಿ?

ಮಾಲಗಾ ಕಡೆಯವರಿಗೆ ಈ ಉತ್ತರ ಬರುವುದು ಜಾಸ್ತಿ. 1931ರ ಮೇ ತಿಂಗಳಲ್ಲಿ ಅಲ್ಲಿ ಚರ್ಚು, ಮಠಗಳಿಗೆ ಬೆಂಕಿ ಇಟ್ಟರು, 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಇನ್ನಷ್ಟು ಹೋದವು. ಆದರೆ ಊರಿನ ಪಂಚಾಯಿತಿಯಲ್ಲಿ ಪದ್ರೋನ್ ಅಂತ ಮನೆ ಮನೆ ಎಣಿಕೆಯ ಪುಸ್ತಕ ಇರುತ್ತದೆ. ಗಂಡು ಮಕ್ಕಳನ್ನು ಸೈನ್ಯಕ್ಕೆ ಸೇರಿಸುವ ಚೀಟಿ ಎತ್ತುತ್ತಿದ್ದರು, ಆ ಪಟ್ಟಿಯಲ್ಲಿ ಅಪ್ಪ ಅಮ್ಮನ ಹೆಸರೂ ಇರುತ್ತದೆ. ಜಮೀನು, ವರದಕ್ಷಿಣೆ, ವಿಲ್ಲು ಬರೆಸಿದ್ದರೆ ಪ್ರಾಂತ್ಯದ ದಾಖಲೆ ಭಂಡಾರದಲ್ಲಿ ನೋಟರಿಯ ಕಟ್ಟು ಇರುತ್ತದೆ. 1750ರ ದಶಕದ ಎನ್ಸೆನಾದಾ ಸಮೀಕ್ಷೆಯಲ್ಲಿ ಊರೂರಿನ ಹೊಲ, ಗಿರಣಿ, ಕಸುಬು ಎಲ್ಲ ಬರೆದಿದ್ದಾರೆ, ಅದರ ಊರುವಾರು ಉತ್ತರಗಳು ಸ್ಪೇನ್ ಸರ್ಕಾರದ ಪಾರೆಸ್ ತಾಣದಲ್ಲಿ ಓದಲು ಸಿಗುತ್ತವೆ. ನಿಮ್ಮವರ ಹೆಸರು ಇಲ್ಲದಿದ್ದರೂ ಅವರ ಊರು ಹೇಗಿತ್ತು ಅಂತ ಗೊತ್ತಾಗುತ್ತದೆ.

ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಆಗುತ್ತಾ?

ನನಗೂ ಬರುತ್ತಿರಲಿಲ್ಲ. ಈ ದಾಖಲೆಗಳೆಲ್ಲ ನಮ್ಮ ಲಗ್ನಪತ್ರಿಕೆ ಇದ್ದ ಹಾಗೆ, ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. 'ನತುರಾಲ್ ದೆ' ಅಂದರೆ ಇಂಥ ಊರಲ್ಲಿ ಹುಟ್ಟಿದವನು. 'ವೆಸೀನೊ ದೆ' ಅಂದರೆ ಇಂಥ ಊರಲ್ಲಿ ವಾಸ. ಇವೆರಡನ್ನು ಕಲಸಿಕೊಂಡರೆ ಊರೇ ತಪ್ಪುತ್ತದೆ. 'ಅಬ್ವೇಲೋಸ್' ಅಂದರೆ ಅಜ್ಜ ಅಜ್ಜಿ, 'ದಿಫುಂತೊ' ಅಂದರೆ ಸತ್ತವರು. ಇಪ್ಪತ್ತು ಪದ ಕಲಿತರೆ ಸಾಕು. ಕೈಬರಹ ಓದುವುದೇ ಕಷ್ಟ, ತಾರೀಖನ್ನೂ ಅಕ್ಷರದಲ್ಲೇ ಉದ್ದಕ್ಕೆ ಬರೆದಿರುತ್ತಾರೆ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ತಪ್ಪುತ್ತದೆ ಅಲ್ವಾ?

ಇಲ್ಲ. ಎಂಜಲು ಕಳಿಸಿದರೆ ನೆಂಟರ ಹೆಸರು ಬರುತ್ತದೆ, ಊರಿನ ಹೆಸರು ಬರುವುದಿಲ್ಲ. ಸಣ್ಣ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಅವರವರಲ್ಲೇ ಮದುವೆ ನಡೆದಿದೆ, ಆದ್ದರಿಂದ ಐದನೇ ಸುತ್ತಿನ ದಾಯಾದಿ ಮೂರನೇ ಸುತ್ತಿನವರ ಹಾಗೆ ಕಾಣುತ್ತಾರೆ. ಸೋದರಮಾವ, ಸೋದರತ್ತೆ ಮಕ್ಕಳ ಮದುವೆ ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇದರಲ್ಲಿ ಒಂದು ಲಾಭ ಇದೆ. ಹತ್ತಿರದ ನೆಂಟರು ಮದುವೆಯಾಗಬೇಕಾದರೆ ಬಿಷಪ್ಪರ ಅನುಮತಿ ಬೇಕಿತ್ತು. ಆ ಅರ್ಜಿಯಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಹೇಗೆ ಸಂಬಂಧ ಅಂತ ವಂಶವೃಕ್ಷವನ್ನೇ ಬರೆದು ತೋರಿಸುತ್ತಿದ್ದರು. ಇನ್ನೂರು ವರ್ಷದ ಹಿಂದೆ ಯಾರೋ ಪಾದ್ರಿ ನಿಮಗಾಗಿ ಕೂತು ಬರೆದಿಟ್ಟ ಹಾಗೆ. ಬಿಷಪ್ಪರ ಭಂಡಾರಕ್ಕೆ ಬರೆಯುವಾಗ 'ದಿಸ್ಪೆನ್ಸಾಸ್' ಇದೆಯಾ ಅಂತ ಕೇಳಲು ಮರೆಯಬೇಡಿ.

ದುಡ್ಡು ಕೊಟ್ಟು ಯಾರ ಕೈಲಾದರೂ ಮಾಡಿಸಬಹುದಾ?

ಬಹುದು. ಊರು ಗೊತ್ತಾದ ಮೇಲೆ ಮಾತ್ರ. ಊರು ಗೊತ್ತಿಲ್ಲದಾಗ ನಾನು ಒಬ್ಬರಿಗೆ ಮುಂಗಡ ಕೊಟ್ಟೆ, ಆರು ವಾರದ ನಂತರ ರಾಜಮನೆತನದ ತನಕ ಹೋಗುವ ಒಂದು ಬಣ್ಣದ ವಂಶವೃಕ್ಷ ಬಂತು, ಜೊತೆಗೆ ಲಾಂಛನ ಬೇರೆ. ಕೂಲಿಗೆ ಹೋದ ಕುಟುಂಬಕ್ಕೆ ಎಂಥ ಲಾಂಛನ? ಪ್ರತಿ ಹೆಸರಿಗೂ ಮೂಲ ಪುಟದ ಫೋಟೋ ಕೊಡುತ್ತೀರಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಅಲ್ಲಿಗೇ ಬಿಡಿ.

ವಂಶ ಸಿಕ್ಕರೆ ಸ್ಪೇನಿನ ಪಾಸ್‌ಪೋರ್ಟ್ ಸಿಗುತ್ತಾ?

2022ರಲ್ಲಿ ಬಂದ ಒಂದು ಕಾಯ್ದೆಯ ಪ್ರಕಾರ ಸ್ಪೇನಿನವರ ಮೊಮ್ಮಕ್ಕಳಿಗೆ ಅವಕಾಶ ಇತ್ತು, ಅರ್ಜಿ ಹಾಕುವ ಗಡುವು 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಬೇರೆ ದಾರಿಗಳಿಗೆ ವಕೀಲರನ್ನೇ ಕೇಳಿ.

ಹಳೆಯ ಫೋಟೋಗಳಲ್ಲಿ ಇರುವವರು ಯಾರೂ ಗೊತ್ತಿಲ್ಲ. ಇಟ್ಟುಕೊಳ್ಳಲಾ?

ಇಟ್ಟುಕೊಳ್ಳಿ. ಹಿಂಬದಿಯನ್ನು ಮೊದಲು ಸ್ಕ್ಯಾನ್ ಮಾಡಿ, ಸ್ಟುಡಿಯೊದ ಮುದ್ರೆಯಲ್ಲಿ ಹೊನಲುಲು ಅಥವಾ ಹಿಲೊ ಅಂತ ಇದ್ದರೆ ಅದೇ ಒಂದು ಸಾಕ್ಷಿ. ಗೊತ್ತಿರುವ ಹೆಸರುಗಳನ್ನು ಮೆತ್ತನೆ ಪೆನ್ಸಿಲ್‌ನಲ್ಲಿ ಹಿಂದೆ ಬರೆಯಿರಿ, ಪೆನ್ನು ಬೇಡ. ಎರಡೂ ಸರ್‌ನೇಮ್ ಬರೆಯಿರಿ. ನಾನು ಕಳೆದ ತಿಂಗಳು ನಮ್ಮ ಮದುವೆ ಫೋಟೋದ ಹಿಂದೆಯೂ ಬರೆದೆ, ಅಮ್ಮ ಹಾಸನದಿಂದ ಹೇಳಿ ಬರೆಸಿದ ನಮ್ಮ ಕಡೆಯ ಹದಿನಾಲ್ಕು ಹೆಸರನ್ನೂ ಸೇರಿಸಿ.